ಬಿದಿರು ಮೆಳೆಯಿಂದ ಮೂರು ಹೆಜ್ಜೆ

ಪಲ್ಯದ ಫೋಟೋ ಕಳಿಸಿ "ಇದು ಯಾವ ಅಣಬೆ ಮೇಡಂ?" ಎಂದು ಕೇಳಿದರೆ ನನ್ನದು ಒಂದೇ ಉತ್ತರ: ಗೊತ್ತಿಲ್ಲ. ಅಣಬೆ ಬಾಣಲೆಗೆ ಬಿದ್ದ ಮೇಲೆ ಅದರ ಕೊಡೆ ಯಾವುದು, ಕಾಲು ಯಾವುದು ಎಂದು ಅದನ್ನು ಹುಟ್ಟಿಸಿದ ಮಣ್ಣಿಗೂ ಗುರುತು ಸಿಗುವುದಿಲ್ಲ. ಶ್ರಾವಣದ ಆ ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ನನ್ನ ಫೋನಿಗೆ ಬಂದದ್ದೂ ಅಂಥದೇ ಫೋಟೋ. ಒಂದು ಸ್ಟೀಲ್ ಡಬ್ಬಿ, ಅದರ ತಳದಲ್ಲಿ ಎರಡು ಚಮಚದಷ್ಟು ಅರಿಶಿನ ಬಣ್ಣದ ಪಲ್ಯ. ನಾನು ಎಂದಿನ ಉತ್ತರ ಬರೆಯುವಷ್ಟರಲ್ಲಿ ಫೋನೇ ಬಂತು.

ಮಾಡಿದವಳು ಬನಶಂಕರಿಯ ಒಂದು ಸಣ್ಣ ಆಸ್ಪತ್ರೆಯ ಡಾಕ್ಟರು. ಜಯನಗರದ ನಮ್ಮ ಕಾಲೇಜಿನಲ್ಲಿ ನನ್ನ ಹತ್ತಿರ ಸಸ್ಯಶಾಸ್ತ್ರ ಕಲಿತ ಹುಡುಗಿ. ಮಳೆಗಾಲದಲ್ಲಿ ನಾನು ಅಣಬೆ ನೋಡಲು ಹೊರಟರೆ ಜೊತೆಗೆ ಬಂದು ಬಿಡುತ್ತಿದ್ದವಳು.

"ಮೇಡಂ, ಬಿಟಿಎಂನಿಂದ ಒಂದು ಕೇಸ್ ಬಂದಿದೆ. ಇಪ್ಪತ್ತೆಂಟು ವರ್ಷದ ಹೆಂಗಸು. ಬೆಳಿಗ್ಗೆ ಏಳೂವರೆಗೆ ಗಂಡ ಹೆಂಡ್ತಿ ಇಬ್ಬರೂ ಅಣಬೆ ಪಲ್ಯ ತಿಂದಿದಾರೆ. ಎಂಟೂವರೆಯಿಂದ ಇವರಿಗೆ ಒಂದೇ ಸಮ ವಾಂತಿ, ಭೇದಿ. ಗಂಡನಿಗೆ ಏನೂ ಆಗಿಲ್ಲ."

"ಒಂದು ಗಂಟೇಲೇ ಶುರುವಾಯ್ತಾ?"

"ಹೂಂ. ಅದಕ್ಕೇ ನಂಗೆ ಜಾಸ್ತಿ ಟೆನ್ಶನ್ ಇಲ್ಲ. ಬೇಗ ಶುರುವಾದ್ರೆ ಬೇಗ ಮುಗಿಯುತ್ತೆ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಡ್ರಿಪ್ ಹಾಕಿದೀನಿ, ಸಂಜೆ ಮನೆಗೆ ಕಳಿಸ್ತೀನಿ. ಸುಮ್ನೆ ಒಂದು ಮಾತು ಕೇಳೋಣ ಅಂತ."

ಹೇಳಿಕೊಟ್ಟದ್ದು ನಿಜ. ಹೊಟ್ಟೆ ಕೆಡಿಸುವ ಅಣಬೆಗಳು ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಗಲಾಟೆ ಎಬ್ಬಿಸಿ, ಒಂದು ದಿನದಲ್ಲಿ ಸುಮ್ಮನಾಗುತ್ತವೆ. ಕೊಲ್ಲುವ ಜಾತಿಯವು ಹಾಗಲ್ಲ. ಹತ್ತು ಹನ್ನೆರಡು ಗಂಟೆ ಹೊಟ್ಟೆಯಲ್ಲಿ ಸದ್ದಿಲ್ಲದೆ ಕೂರುತ್ತವೆ. ಆಮೇಲೆ ವಾಂತಿ ಭೇದಿ. ಆಮೇಲೆ ಅದೂ ನಿಂತು, ಎದ್ದು ಓಡಾಡುವಷ್ಟು ಹಗುರ ಅನ್ನಿಸುತ್ತದೆ. ರೋಗಿ ಮನೆಗೆ ಹೋಗಿ ಗಂಜಿ ಕುಡಿಯುತ್ತಿರುವಾಗ ಒಳಗೆ ಪಿತ್ತಜನಕಾಂಗ ಕರಗುತ್ತಿರುತ್ತದೆ. ಹಾಗಾಗಿ ಅಣಬೆಯ ಹೆಸರಿಗಿಂತ ಮೊದಲು ಗಡಿಯಾರವನ್ನು ಕೇಳಬೇಕು. ಡಾಕ್ಟರಮ್ಮ ಕೇಳಿದ್ದಳು. ಗಡಿಯಾರ ಒಳ್ಳೆಯ ಮಾತನ್ನೇ ಹೇಳಿತ್ತು.

ಆದರೂ ಒಂದು ಮುಳ್ಳು ನನಗೆ ಚುಚ್ಚಿತು. ಒಂದೇ ಡಬ್ಬಿಯಿಂದ ತಿಂದ ಗಂಡ ಯಾಕೆ ಆರಾಮಾಗಿದ್ದಾನೆ?

"ಡಬ್ಬಿ ತೊಳೀಬೇಡಿ ಅಂತ ಹೇಳು. ಬರ್ತೀನಿ," ಎಂದೆ.

ವಾರ್ಡಿನಲ್ಲಿ ಆ ಹೆಣ್ಣುಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಾತಾಡುವ ತ್ರಾಣ ಇರಲಿಲ್ಲ. ಗಂಡ ಕಾಲ ಬುಡದಲ್ಲಿ ನಿಂತೇ ಇದ್ದ. ರಾತ್ರಿ ಪಾಳಿಯ ಕೆಲಸ, ಬೆಳಿಗ್ಗೆ ಏಳಕ್ಕೆ ಮನೆ ಸೇರಿದವನು, ಕಣ್ಣು ಕೆಂಡದಂತಿದ್ದವು. ಬಾಗಲಕೋಟೆ ಕಡೆಯವರು, ಬಿಟಿಎಂಗೆ ಬಾಡಿಗೆಗೆ ಬಂದು ಎರಡು ವರ್ಷ. ಹೊರಗಿನ ಬೆಂಚಿನ ತುದಿಯಲ್ಲಿ ಅವನ ತಾಯಿ ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು.

"ಆರಿಸಿ ತಂದದ್ದು ಯಾರು?" ಎಂದು ಕೇಳಿದೆ.

"ನಮ್ಮವ್ವ, ಇಕಿ ಇಬ್ರೂರಿ," ಎಂದ ಗಂಡ. "ಅಂಜನಾಪುರದಾಗ ನಮ್ಮ ಕಾಕಾನ ಮನಿ ಐತಿ. ನಿನ್ನೆ ಅಲ್ಲಿ ಹೋಗಿದ್ರು. ಹಿಂದ ಒಂದ್ ತೋಪು ಐತಲ್ರಿ, ಅಲ್ಲಿ ಸಿಕ್ಕಾವಂತ. ಇಕಿಗೆ ಅಣಬಿ ಅಂದ್ರ ಜೀವ."

"ನೀವು ತಿನ್ನಲಿಲ್ವಾ ಅಮ್ಮ?" ಎಂದು ತಾಯಿಯನ್ನು ಕೇಳಿದೆ.

"ಶ್ರಾವಣ ಮುಗಿಯೂತನಾ ಉಳ್ಳಾಗಡ್ಡಿ, ಅಣಬಿ ಮುಟ್ಟಂಗಿಲ್ರಿ ನಾ. ಮಾಡಿ ಬಡಿಸೀನಿ ಅಷ್ಟ."

"ಯಾವಾಗ ಮಾಡಿದ್ರಿ?"

"ಮುಂಜಾನೆರಿ," ಎಂದರು. ಎಂದವರೇ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡರು.

ಡಬ್ಬಿ ಹಿಡಿದು ಕಾಲೇಜಿಗೆ ಹೋದೆ. ಲ್ಯಾಬಿನ ಹುಡುಗರು ಊಟಕ್ಕೆ ಹೋಗಿದ್ದರು, ಒಬ್ಬಳೇ. ಮೊದಲು ಸುಲಭದ ಪರೀಕ್ಷೆ: ಅಣಬೆಯ ರಸವನ್ನು ನ್ಯೂಸ್‌ಪೇಪರಿನ ಅಚ್ಚಿಲ್ಲದ ಅಂಚಿಗೆ ಒತ್ತಿ, ಒಣಗಿಸಿ, ಮೇಲೆ ಒಂದು ತೊಟ್ಟು ಪ್ರಬಲ ಆಮ್ಲ. ಕೊಲ್ಲುವ ಜಾತಿಯ ಆ ವಿಷ ಇದ್ದರೆ ನೀಲಿ ಉಂಗುರ ಮೂಡಬೇಕು. ಆದರೆ ಪಲ್ಯದಲ್ಲಿ ಅರಿಶಿನ, ಖಾರದಪುಡಿ, ಒಗ್ಗರಣೆಯ ಎಣ್ಣೆ. ಕಾಗದದ ಮೇಲೆ ಹಳದಿ ಕೆಂಪು ಕಲೆ ಹರಡಿಕೊಂಡಿತೇ ಹೊರತು ನೀಲಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಮಾಡಿದೆ. ಮತ್ತೆ ಅದೇ. ಅರ್ಧ ಗಂಟೆ ಹೋಯಿತು.

ಆಮೇಲೆ ಸೂಕ್ಷ್ಮದರ್ಶಕ. ಚೂರುಗಳನ್ನು ಒಂದೊಂದಾಗಿ ಬೆಚ್ಚನೆ ನೀರಿನಲ್ಲಿ ಜಾಲಿಸಿ, ಕೊಡೆಯ ಅಡಿಯ ಪದರಗಳನ್ನು ಸೂಜಿಯಿಂದ ಬಿಡಿಸಿ, ಗಾಜಿನ ಮೇಲಿಟ್ಟು ಅಯೋಡಿನ್ ದ್ರಾವಣ ಬಿಟ್ಟೆ. ಆ ಪದರಗಳ ಮೇಲೆ ಬೀಜಾಣುಗಳಿರುತ್ತವೆ, ಅಡುಗೆಯ ಬೆಂಕಿಗೂ ಸುಲಭಕ್ಕೆ ಹಾಳಾಗವು. ಮೊದಲ ಐದು ಚೂರುಗಳಲ್ಲಿ ಬೀಜಾಣುಗಳು ಬಣ್ಣ ತಿರುಗಲಿಲ್ಲ. ಅವು ಗೆದ್ದಲ ಮಣ್ಣಿನಲ್ಲಿ ಅಕ್ಕಿ ಚೆಲ್ಲಿದಂತೆ ಏಳುವ ಪುಟ್ಟ ಅಣಬೆ ಇರಬಹುದು, ಊರೂರಲ್ಲೂ ತಿನ್ನುವಂಥದು. ಉಸಿರು ಬಿಟ್ಟೆ. ಆರನೆಯ ಚೂರಿನಲ್ಲಿ ಬೀಜಾಣುಗಳು ನಾನು ನೋಡುತ್ತಿದ್ದಂತೆ ಕಾಚಿನ ಕೆಂಗಂದು ಬಣ್ಣಕ್ಕೆ ತಿರುಗಿದವು. ಒಂಬತ್ತನೆಯದರಲ್ಲೂ ಹಾಗೇ.

ಪಲ್ಯದಲ್ಲಿ ಎರಡು ಜಾತಿ ಇತ್ತು. ಆ ಎರಡನೆಯದು, ಹೀಗೆ ಕಾಚು ಬಣ್ಣಕ್ಕೆ ತಿರುಗುವ ಕುಲದ್ದು, ದೊಡ್ಡ ಸಂಸಾರ. ಅದರಲ್ಲಿ ಏನೂ ಮಾಡದವು ಇವೆ, ಬರೀ ಹೊಟ್ಟೆ ಕೆಡಿಸುವವು ಇವೆ, ಕೊಲ್ಲುವ ಪುಟಾಣಿಗಳೂ ಇವೆ. ಎಣ್ಣೆಯಲ್ಲಿ ಬೆಂದ ಎರಡು ಚೂರಿನಿಂದ ಇಂಥದೇ ಎಂದು ಹೇಳಲು ನನಗೆ ಬರುವುದಿಲ್ಲ.

ಡಾಕ್ಟರಮ್ಮನಿಗೆ ಫೋನು ಮಾಡಿದೆ.

"ಎರಡು ಥರ ಇದೆ ಕಣೆ. ಒಂದರ ಮೇಲೆ ನನಗೆ ಅನುಮಾನ."

"ಆದ್ರೆ ಟೈಮ್ ಮ್ಯಾಚ್ ಆಗಲ್ವಲ್ಲ ಮೇಡಂ? ಈಗ ವಾಂತಿ ನಿಂತಿದೆ, ಟೀ ಕೇಳಿದ್ರು. ಗಂಡ ಡಿಸ್ಚಾರ್ಜ್ ಮಾಡಿ ಅಂತ ಹಿಂದೆ ಬಿದ್ದಿದಾರೆ. ಸಂಜೆ ಡ್ಯೂಟಿಗೆ ಹೋಗ್ಬೇಕಂತೆ."

"ಐದು ಗಂಟೆವರೆಗೆ ಬಿಡಬೇಡ. ಬೆಳೆದಿರೋ ಜಾಗ ನೋಡ್ಕೊಂಡು ಬರ್ತೀನಿ."

ಅಣಬೆಯ ವಿಳಾಸ ಅಂದರೆ ಅದರ ಜಾಗ. ಯಾವ ಮರದ ಕೆಳಗೆ, ಕೊಳೆತ ಎಲೆಯಲ್ಲೋ ಬರೀ ಮಣ್ಣಿನಲ್ಲೋ, ಒಂಟಿಯೋ ಗುಂಪೋ, ಇಷ್ಟು ತಿಳಿದರೆ ಅರ್ಧ ಗುರುತು ಸಿಕ್ಕಂತೆ. ಆ ಜಾಗ ತೋರಿಸಲು ಬನ್ನಿ ಎಂದು ತಾಯಿಯನ್ನು ಕರೆದೆ. ಅವರು ಮಗನ ಮುಖ ನೋಡಿದರು. "ಹೋಗ್ ಬಾ ಅವ್ವಾ, ಜಲ್ದಿ ಬಾ," ಎಂದ ಮಗ, ನನ್ನನ್ನು ತುಸು ಬೇಸರದಿಂದಲೇ ನೋಡುತ್ತ.

ಕನಕಪುರ ರಸ್ತೆಯಲ್ಲಿ ಆಟೋ ತೆವಳಿತು. ನಮ್ಮ ಮಾತು ಕಿವಿಗೆ ಬಿದ್ದ ಡ್ರೈವರ್ ಕನ್ನಡಿಯಲ್ಲಿ ನಕ್ಕ. "ಅಣಬೆ ಹುಡುಕೋಕೆ ಅಂಜನಾಪುರದವರೆಗೂ ಹೋಗ್ತಿದೀರಾ ಅಕ್ಕ? ಸೂಪರ್ ಮಾರ್ಕೆಟಲ್ಲಿ ಪ್ಯಾಕೆಟ್ ಸಿಗುತ್ತಲ್ಲ!"

"ನಮಗೆ ಬೇಕಾಗಿರೋದು ಅಲ್ಲಿ ಸಿಗಲ್ಲಪ್ಪ. ವಜ್ರಹಳ್ಳಿ ಹತ್ತಿರ ಒಳಗಡೆಯಿಂದ ಹೋಗೋಕಾಗುತ್ತಾ ನೋಡು."

ನನ್ನ ದನಿ ಕೇಳಿ ಅವನು ನಗು ನಿಲ್ಲಿಸಿ ಒಳದಾರಿ ಹಿಡಿದ. ಪಕ್ಕದಲ್ಲಿ ಆಕೆ ಗಟ್ಟಿಯಾಗಿ ಕಂಬಿ ಹಿಡಿದುಕೊಂಡು ಕೂತಿದ್ದರು. ಮಾತಿಗೆಳೆಯೋಣ ಎಂದು ಊರಿನ ಅಣಬೆಯ ಸುದ್ದಿ ಎತ್ತಿದೆ.

"ನಮ್ಮೂರಾಗ ಹೊಲದ ಬದುವಿನಾಗ ಏಳ್ತಾವ್ರಿ ಅಕ್ಕಾರ. ನಾ ಹುಡುಗಿ ಇದ್ದಾಗಿಂದ ಆರಿಸೀನಿ. ಎಂದೂ ಯಾರಿಗೂ ಏನೂ ಆಗಿಲ್ಲ. ಒಂದ್ ಜಾಗಾದಾಗ ಒಂದಽ ಥರ ಇರ್ತಾವ್ರಿ, ಮುಟಿಗಿಲೆ ಕೀಳೂದು, ಉಡಿಯಾಗ ಹಾಕೂದು."

ಮುಷ್ಟಿಯಿಂದ ಕೀಳುವುದು. ಹಾಗೆ ಕಿತ್ತರೆ ಒಂದೊಂದನ್ನೂ ತಿರುಗಿಸಿ ನೋಡಿರುವುದಿಲ್ಲ.

ನಾಲ್ಕು ಗಂಟೆಗೆ ತೋಪು ಸೇರಿದೆವು. ಎರಡು ಎಕರೆ ಇದ್ದೀತು. ಹೊಂಗೆ ಮರಗಳು, ಒಂದು ಮೂಲೆಯಲ್ಲಿ ಬಿದಿರು ಮೆಳೆ. ಶನಿವಾರದ ಮಳೆಯ ತೇವ ಇನ್ನೂ ಇತ್ತು. ಆಕೆ ನೇರ ನಡೆದು ಒಂದು ಕಡೆ ನಿಂತು ಕೈ ತೋರಿಸಿದರು. ಕೆಂಪು ಮಣ್ಣಿನ ಬಯಲು, ಪಕ್ಕದಲ್ಲಿ ಒಡೆದ ಹುತ್ತ. ಅಲ್ಲಿ ನಾನು ನಿರೀಕ್ಷಿಸಿದ್ದೇ ಇತ್ತು: ಬೆರಳುಗುರಿನಷ್ಟು ಬಿಳಿ ಕೊಡೆಗಳು, ನಡುವೆ ಮೊನೆ, ನೂರಾರು, ಒತ್ತೊತ್ತಾಗಿ. ಒಂದನ್ನು ಬುಡ ಸಮೇತ ಎತ್ತಿದೆ. ಕಾಲು ಕೆಳಗೆ ದಾರದಂತೆ ಸಣ್ಣದಾಗುತ್ತ ಗೆದ್ದಲ ಮಣ್ಣಿಗೆ ಇಳಿದಿತ್ತು. ಕೊಡೆಯ ಅಡಿ ತಿಳಿಗುಲಾಬಿ. ಇದರಲ್ಲಿ ತಪ್ಪಿಲ್ಲ.

"ಇಷ್ಟೇನಾ ಅಮ್ಮ? ಬೇರೆ ಎಲ್ಲೂ ಕೀಳಲಿಲ್ವಾ?"

"ಇಲ್ಲೇರಿ. ಆ ಬಿದಿರಿನ ಮಟಾ ಅಷ್ಟ."

ಅಲ್ಲಿಂದ ಮೆಳೆಗೆ ಮೂರು ಹೆಜ್ಜೆ. ಆ ಮೂರು ಹೆಜ್ಜೆಯಲ್ಲಿ ನೆಲ ಬದಲಾಗಿತ್ತು. ಬಯಲು ಮಣ್ಣು ಮುಗಿದು ಕೊಳೆತ ಬಿದಿರೆಲೆಯ ಹಾಸು ಶುರುವಾಗಿತ್ತು. ಮೊಣಕಾಲೂರಿ ಎಲೆ ಸರಿಸಿದೆ. ಒಂದು ಇತ್ತು. ಅದರಾಚೆ ಎರಡು. ಗುಂಪಿಲ್ಲ, ಅಲ್ಲೊಂದು ಇಲ್ಲೊಂದು. ಅದೇ ಗಾತ್ರ, ಆದರೆ ಕೊಡೆಯ ಮೇಲೆ ಕಂದುಗುಲಾಬಿ ಬಣ್ಣದ ಸಣ್ಣ ಹೊಪ್ಪಳೆಗಳು. ಅಡಿಯ ಪದರ ಅಚ್ಚ ಬಿಳಿ, ಕಾಲಿಗೆ ತಾಗದೆ ಬಿಡಿಯಾಗಿ ನಿಂತದ್ದು. ಬುಡದಲ್ಲಿ ದಾರ ಇಲ್ಲ. ಪಕ್ಕದಲ್ಲೇ ಉಗುರಿನಿಂದ ಕಿತ್ತ ಹಸಿ ಗಾಯದ ಬುಡಗಳು ಕಂಡವು, ಒಂದು, ಎರಡು, ಐದು, ಏಳು.

"ಇವನ್ನೂ ಕಿತ್ತಿರಾ?"

"ಅವೂ ಅವಽ ಅಲ್ರಿ? ಬಿಸಲಿಗೆ ಕಂದ್ಯಾವ ಅನ್ಕೊಂಡ್ವಿ. ಉಪ್ಪುನೀರಾಗ ತಿಕ್ಕಿದ್ವಿ, ಬೆಳ್ಳಗಾದ್ವು."

ತಿಕ್ಕಿದರೆ ಹೊಪ್ಪಳೆ ಹೋಗುತ್ತದೆ, ಬುಡ ಕತ್ತರಿಸಿದರೆ ಉಳಿದ ಗುರುತೂ ಹೋಗುತ್ತದೆ. ಆಕೆಯ ಊರಿನ ಒಣ ಬದುವಿನಲ್ಲಿ ಬಿದಿರೂ ಇಲ್ಲ, ಕೊಳೆತ ಎಲೆಯೂ ಇಲ್ಲ. ಅಲ್ಲಿ ಒಂದೇ ಜಾತಿ ಏಳುತ್ತಿತ್ತು, ಆಕೆಯ ಕೈ ಕಲಿತದ್ದು ಸರಿಯಾಗಿಯೇ ಇತ್ತು. ಜಾಗ ಮಾತ್ರ ಬೇರೆಯಾಗಿತ್ತು.

ನನ್ನ ಮುಖ ನೋಡಿ ಆಕೆ ಮೆಲ್ಲಗೆ ಕೇಳಿದರು, "ಸಾಯೂವಂಥದೇನ್ರಿ ಅದು?"

ಧೈರ್ಯ ಹೇಳೋಣ ಎಂದುಕೊಂಡೆ. "ಅಂಥದೇ ಆಗಿದ್ರೆ ಇಷ್ಟು ಬೇಗ ವಾಂತಿ ಆಗ್ತಿರಲಿಲ್ಲ ಅಮ್ಮ. ಅದು ರಾತ್ರಿ ತಿಂದ್ರೆ ಬೆಳಿಗ್ಗೆ ಶುರುವಾಗೋದು. ನಿಮ್ಮ ಸೊಸೆಗೆ ತಿಂದ ಒಂದೇ ಗಂಟೇಲಿ ಆಗಿದೆ. ಅದೊಂದೇ ನಮಗಿರೋ ಧೈರ್ಯ."

ಆಕೆ ನನ್ನ ಮೊಣಕೈ ಹಿಡಿದುಕೊಂಡರು.

"ರಾತ್ರಿ ತಿಂದಾಳ್ರಿ."

"ಏನಂದ್ರಿ?"

"ನಿನ್ನೆ ರಾತ್ರಿ ಮಾಡಿದ್ದುರಿ. ಎಂಟಕ್ಕ ಆಕಿ ಉಂಡ್ಲು. ಉಳಿದದ್ದು ಇಟ್ಟಿದ್ವಿ. ಮುಂಜಾನೆ ಅಂವ ಕೆಲಸದಿಂದ ಬಂದ, ಬಿಸಿ ಮಾಡಿ ರೊಟ್ಟಿ ಜೋಡಿ ಕೊಟ್ಟೆ. ಆಕಿ ಅವನ ತಾಟಿನಾಗಿಂದ ಒಂದ್ ತುತ್ತು ತಗೊಂಡ್ಲು, ಅಷ್ಟ. ಮಗಗ ತಂಗಳ ತಿನಿಸೀನಿ ಅಂತ ದವಾಖಾನ್ಯಾಗ ಎಲ್ರ ಮುಂದ ಹೆಂಗ ಹೇಳ್ಲಿರಿ? ಶಹರಕ್ಕ ಬಂದು ಮಗನ್ನ ಹಿಂಗ ಸಾಕ್ತಾಳೇನು ಅಂತಾರ. ಬಿಸಿದಂತ ಹೇಳಿದೆ. ಅಂವಗೂ ಹಂಗಽ ಹೇಳೀನಿ."

ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮಜ್ಜಿಯೂ ತಂಗಳನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಿದ್ದವಳೇ. ಬೈಯಲು ಹೊತ್ತೂ ಇರಲಿಲ್ಲ. ಬೆರಳು ಮಡಚಿದೆ. ಸೊಸೆ ತಿಂದದ್ದು ರಾತ್ರಿ ಎಂಟು, ವಾಂತಿ ಬೆಳಿಗ್ಗೆ ಎಂಟೂವರೆ: ಹನ್ನೆರಡೂವರೆ ಗಂಟೆ. ಮಗ ತಿಂದದ್ದು ಬೆಳಿಗ್ಗೆ ಏಳೂವರೆ. ಈಗ ನಾಲ್ಕೂವರೆ. ಒಂಬತ್ತು ಗಂಟೆ.

ಅವನು ಪಾರಾಗಿರಲಿಲ್ಲ. ಅವನ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೇ.

ಕೈಯಲ್ಲಿ ಆ ಪುಟ್ಟ ಅಣಬೆ ಹಿಡಿದುಕೊಂಡು ಒಂದು ನಿಮಿಷ ನಿಂತೆ. ಇದರ ಹೆಸರು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಬೀಜಾಣು ಅಳೆಯಬೇಕು, ಒಣಗಿಸಬೇಕು, ತಿಳಿದವರಿಗೆ ಕಳಿಸಬೇಕು, ವಾರಗಳ ಕೆಲಸ. ಖಚಿತವಿಲ್ಲದೆ ಬಾಯಿ ಬಿಡಬಾರದು ಎಂಬುದನ್ನೇ ನಾನು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದು. ಆ ಪಾಠವನ್ನು ಆ ಬಿದಿರು ಮೆಳೆಯ ಕೆಳಗೆ ಬಿಟ್ಟೆ. ಫೋನು ಮಾಡಿದೆ.

"ಅವಳು ತಿಂದದ್ದು ನಿನ್ನೆ ರಾತ್ರಿ ಎಂಟಕ್ಕೆ. ಬೆಳಿಗ್ಗೆ ಅಲ್ಲ. ಡಿಸ್ಚಾರ್ಜ್ ಮಾಡಬೇಡ. ಅಣಬೆ ಹೆಸರು ಗೊತ್ತಿಲ್ಲ, ಕೊಲ್ಲೋ ಜಾತಿ ಅಂತಾನೇ ತಿಳ್ಕೊಂಡು ಶುರು ಮಾಡು. ಗಂಡನ್ನೂ ಮಲಗಿಸು."

"ಮೇಡಂ, ಗ್ಯಾರಂಟಿನಾ? ನಮ್ಮಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಶಿಫ್ಟ್ ಮಾಡ್ಬೇಕು. ಏನೂ ಇಲ್ದೆ ಹೆದರಿಸಿದ್ರಿ ಅಂತಾರೆ."

"ಗ್ಯಾರಂಟಿ ಇಲ್ಲ. ನಾಳೆ ಬೈಯೋದಾದ್ರೆ ನನ್ನನ್ನ ಬೈಯ್ಲಿ. ನನ್ನ ಹೆಸರು ಬರೆದಿಡು."

"ಆಯ್ತು. ಅವರಿಗೆ ಟ್ರೀಟ್‌ಮೆಂಟ್ ಶುರು ಮಾಡ್ತೀನಿ. ಆದ್ರೆ ಗಂಡ ಇಲ್ಲ ಮೇಡಂ. ಹತ್ತು ನಿಮಿಷ ಆಯ್ತು, ಆಫೀಸ್ ಕ್ಯಾಬ್ ಬಂತು ಅಂತ ಹೊರಟುಹೋದ್ರು."

ತಾಯಿಯ ಫೋನಿನಿಂದ ಮಾಡಿದೆವು. ಎತ್ತಲಿಲ್ಲ. ಆಟೋ ಹತ್ತಿ ಮತ್ತೆ ಮಾಡಿದೆವು. ಎತ್ತಲಿಲ್ಲ. ಕ್ಯಾಬಿನಲ್ಲಿ ನಿದ್ದೆ ಹೋಗಿದ್ದ ಎಂದು ಆಮೇಲೆ ತಿಳಿಯಿತು. ಐದನೆಯ ಸಲಕ್ಕೆ ಎತ್ತಿದ. ಸ್ಪೀಕರಿಗೆ ಹಾಕಿ ನಾನೇ ಹೇಳಿದೆ.

"ನನಗ ಏನಾಗೇತ್ರಿ ಮೇಡಂ? ಆರಾಮ್ ಅದೀನಿ."

"ನೀವು ಆರಾಮಾಗಿರೋದೇ ನನಗೆ ಭಯ. ಇನ್ನೆರಡು ಮೂರು ಗಂಟೇಲಿ ಶುರುವಾಗಬಹುದು. ಅದಕ್ಕೆ ಮುಂಚೆ ಔಷಧಿ ಒಳಗೆ ಹೋದ್ರೆ ಒಳ್ಳೇದು."

"ಮುಂಜಾನೆ ತಿಂದೀನ್ರಿ ನಾ, ಇಷ್ಟೊತ್ತಿಗೆ ಆಗಬೇಕಿತ್ತು. ಹೋದ ವಾರ ಎರಡ್ ದಿನ ರಜಾ ಹಾಕೀನಿ, ಇವತ್ತೂ ಹೋಗಲಿಲ್ಲಂದ್ರ..."

ಆಗ ತಾಯಿ ನನ್ನ ಕೈಯಿಂದ ಫೋನು ಕಸಿದುಕೊಂಡರು.

"ತಮ್ಮಾ, ಅದು ನಿನ್ನಿದು. ತಂಗಳ. ನಿನಗ ತಂಗಳ ಹಾಕಿ ಬಿಸಿದಂತ ಸುಳ್ಳ ಹೇಳೀನಿ. ಆಕಿ ನಿನ್ನೆ ರಾತ್ರಿನ ತಿಂದಿದ್ಲು. ಆಕಿಗೆ ಆದದ್ದು ನಿನಗೂ ಆಗತೈತಿ. ಇಳಿಯೋ ನನ್ನಪ್ಪಾ, ಗಾಡಿ ಇಳಿ."

ಆಟೋ ಡ್ರೈವರ್ ತಾನಾಗಿಯೇ ವೇಗ ಹೆಚ್ಚಿಸಿದ. ಫೋನಿನಲ್ಲಿ ಮಗ ಕ್ಯಾಬಿನ ಡ್ರೈವರಿಗೆ ಹೇಳಿದ್ದು ಕೇಳಿಸಿತು: "ಅಣ್ಣಾ, ಸೈಡಿಗೆ ಹಾಕ್ರಿ."

ನಾವು ತಲುಪುವ ಹೊತ್ತಿಗೆ ಅವನೂ ಬಂದಿದ್ದ. ವಿಷ ಹೀರುವ ಇದ್ದಿಲ ದ್ರಾವಣ ಕುಡಿಸಿದ್ದರು, ತುಟಿಯೆಲ್ಲ ಕಪ್ಪಾಗಿತ್ತು. ಹೆಂಡತಿಯ ಪಕ್ಕದ ಹಾಸಿಗೆಯ ಅಂಚಿನಲ್ಲಿ, ಶೂ ಕೂಡ ಬಿಚ್ಚದೆ ಕೂತಿದ್ದ. ಆಂಬುಲೆನ್ಸಿಗೆ ಕಾಯುತ್ತಿದ್ದೆವು. ಆರೂಮುಕ್ಕಾಲಾಯಿತು. ನನ್ನ ಮನಸ್ಸಿನಲ್ಲಿ ಒಂದೇ ಹರಕೆ: ನಾನು ತಪ್ಪಾಗಿರಲಿ, ನಾಳೆ ಎಲ್ಲರೂ ಸೇರಿ ನನ್ನನ್ನು ಬೈಯಲಿ.

ಏಳಕ್ಕೆ ಐದು ನಿಮಿಷ ಇದ್ದಾಗ ಅವನು ಹೊಟ್ಟೆ ಹಿಡಿದುಕೊಂಡು ಎದ್ದ. ನನ್ನತ್ತ ಒಮ್ಮೆ ನೋಡಿ ಬಚ್ಚಲಿಗೆ ಓಡಿದ. ಡಾಕ್ಟರಮ್ಮ ಗಡಿಯಾರ ನೋಡಿ ಕೇಸ್ ಶೀಟಿನಲ್ಲಿ ಹೊತ್ತು ಬರೆದಳು.

ಮೂರನೆಯ ದಿನ ಹೆಂಡತಿಯ ಲಿವರ್ ಟೆಸ್ಟು ಏರಿದ ರೀತಿಗೆ ದೊಡ್ಡಾಸ್ಪತ್ರೆಯವರು ಗಂಡನನ್ನು ಕರೆದು ಎಲ್ಲದಕ್ಕೂ ಸಿದ್ಧವಾಗಿರಿ ಎಂದಿದ್ದರು. ನಾಲ್ಕನೆಯ ದಿನ ಅದು ನಿಂತಿತು. ಐದನೆಯ ದಿನ ಇಳಿಯಿತು. ಗಂಡನದು ಅಷ್ಟು ಏರಲೇ ಇಲ್ಲ. ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಈಗ ಯಾವ ಊಟದ ಕೇಸ್ ಬಂದರೂ ಮೊದಲ ಪ್ರಶ್ನೆ "ಯಾವಾಗ ಬೇಯಿಸಿದ್ದು?" ಎಂಬುದು. ಎರಡನೆಯದು, "ಒಬ್ಬೊಬ್ಬರೂ ಯಾವ್ಯಾವಾಗ ತಿಂದ್ರಿ?" ಅದನ್ನು ಅವಳು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಕೇಳುವುದಿಲ್ಲ. ಬೇರೆ ಬೇರೆ ಕರೆದು ಕೇಳುತ್ತಾಳೆ.

ತೋಪಿನಿಂದ ತಂದ ಅಣಬೆಗಳನ್ನು ಒಣಗಿಸಿ ಪೊಟ್ಟಣ ಕಟ್ಟಿದ್ದೇನೆ. ಜಾಗ: ಬಿದಿರು ಮೆಳೆಯ ಕೆಳಗೆ, ಕೊಳೆತ ಎಲೆ, ಹುತ್ತದ ಬಯಲಿನಿಂದ ಮೂರು ಹೆಜ್ಜೆ. ಹೆಸರಿನ ಗೆರೆ ಇನ್ನೂ ಖಾಲಿ.

ಶ್ರಾವಣ ಮುಗಿದ ಮೇಲೆ ಒಂದು ಮಧ್ಯಾಹ್ನ ಆ ತಾಯಿ ಸೊಸೆಯ ಜೊತೆ ನಮ್ಮ ಮನೆಗೆ ಬಂದರು. ಸೊಸೆ ಸೊರಗಿದ್ದಳು, ಆದರೆ ಮೆಟ್ಟಿಲು ತಾನೇ ಹತ್ತಿದಳು. ಆಕೆ ಬಟ್ಟೆ ಗಂಟು ಬಿಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ ತೆಗೆದು ಮೇಜಿನ ಮೇಲೆ ಇಟ್ಟರು. ನಾನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುತ್ತಿದ್ದಂತೆ ತಡೆದರು.

"ತಡೀರಿ ಅಕ್ಕಾರ, ಮೊದಲ ಹೇಳ್ತೀನಿ. ಪಲ್ಯ ಇವತ್ತ ಮುಂಜಾನೆ ಆರಕ್ಕ ಮಾಡಿದ್ದು. ರೊಟ್ಟಿ ಮಾತ್ರ ನಿನ್ನಿವು."